ಮೇಷ್ಟ್ರ ಬೋಳು ಕಾರು

ಬೆಳಗಿನಿಂದ ನಾಲ್ಕನೆಯ ಸಲ ಎಂಜಿನ್ನು ಗುರ್ರೆಂದು ಶುರುವಾಗಿ, ನಾಲ್ಕನೆಯ ಸಲವೂ ಪಟ್ಟನೆ ನಿಂತುಹೋಯಿತು. ಬಾನೆಟ್ಟಿನೊಳಗೆ ಸೊಂಟದವರೆಗೆ ಮುಳುಗಿದ್ದ ಕೋದಂಡರಾಮಪ್ಪ ಮೇಷ್ಟ್ರು ಎದ್ದು ನಿಂತು, ಗ್ರೀಸಿನ ಕೈಯಲ್ಲೇ ಹಣೆ ಚಚ್ಚಿಕೊಂಡರು. ಹನ್ನೆರಡು ಗಂಟೆಗೆ ಕೋಲಾರದಿಂದ ಗುಜರಿಯವನ ಲಾರಿ ಬರುವುದಿತ್ತು. ಅಷ್ಟರೊಳಗೆ ಕಾರು ತನ್ನ ಚಕ್ರದ ಮೇಲೆ ತಾನೇ ಕೊಟ್ಟಿಗೆ ದಾಟದಿದ್ದರೆ ಅದನ್ನು ಲಾರಿಗೆ ಹತ್ತಿಸುವುದೆಂದು ಹೆಂಡತಿ ಅನಸೂಯಮ್ಮನಿಗೆ ಮಾತು ಕೊಟ್ಟಾಗಿತ್ತು. ಆಗಲೇ ಗಂಟೆ ಹನ್ನೊಂದು.

ಮಾತು ಕೊಟ್ಟದ್ದೂ ಸುಮ್ಮನೆ ಅಲ್ಲ. ಅನಸೂಯಮ್ಮನ ರೇಷ್ಮೆಹುಳುಗಳು ಪೊರೆ ಕಳಚುವ ಮೂರನೇ ಜ್ವರದಿಂದ ಎದ್ದು, ದಿನಕ್ಕೆರಡು ತಟ್ಟೆ ಹೆಚ್ಚು ಜಾಗ ಕೇಳುತ್ತಿದ್ದವು. ನಡುಮನೆ ತುಂಬಿತ್ತು, ದೇವರ ಮೂಲೆ ತುಂಬಿತ್ತು, ಮನುಷ್ಯರು ಜಗಲಿಗೆ ಬಂದಿದ್ದರು. ದೇವರಾಯಸಮುದ್ರದಲ್ಲಿ ಅಷ್ಟು ತಣ್ಣನೆಯ ಕೊಟ್ಟಿಗೆ ಇನ್ನೊಬ್ಬರಿಗಿರಲಿಲ್ಲ. ಅದರಲ್ಲಿ ಏಳು ವರ್ಷದಿಂದ ಕಾರು ಮಲಗಿತ್ತು. ಎಪ್ಪತ್ತೈದರಲ್ಲಿ ಚಿನ್ನದ ಗಣಿಯ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಕೊರಳಿಗೆ ಕಟ್ಟಿಹೋದ ರೇಸಿನ ಕಾರು ಅದು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಊರವರು ಬೋಳು ಕಾರು ಎಂದು ಹೆಸರಿಟ್ಟರು. ಮೇಷ್ಟ್ರು ಅದಕ್ಕೆ ಟ್ರ್ಯಾಕ್ಟರಿನ ರೇಡಿಯೇಟರ್ ಕೂರಿಸಿದರು, ಇದ್ದ ಒಂದು ಕಾರ್ಬೊರೇಟರ್ ಸಾಲದೆಂದು ಇನ್ನೊಂದು ಸೇರಿಸಿದರು, ದನಿ ಗಂಭೀರವಾಗಲೆಂದು ಸೈಲೆನ್ಸರನ್ನು ಅರ್ಧಕ್ಕೆ ಕೊಯ್ದರು. ಮುಳಬಾಗಿಲಿನಿಂದ ಕೋಲಾರಕ್ಕೆ ಇಪ್ಪತ್ತೇ ನಿಮಿಷ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದರು. ಇಲ್ಲಿಯವರೆಗೆ ಕಾರು ಓಡಿದ್ದು ಕೊಟ್ಟಿಗೆಯ ಈ ಗೋಡೆಯಿಂದ ಆ ಗೋಡೆಗೆ, ಅದೂ ನಾಲ್ಕು ಜನ ತಳ್ಳಿದಾಗ.

ಇವತ್ತು ಕೀಲಿಯ ಹತ್ತಿರ ಕೂತಿದ್ದವರು ಅನಸೂಯಮ್ಮನ ತಂದೆ ನರಸಿಂಹಪ್ಪ. ಗಡಿಯಾಚೆ ಪುಂಗನೂರಿನ ಕಡೆಯವರು. ಕನ್ನಡ ಅರ್ಥವಾಗುತ್ತಿತ್ತು, ಆದರೆ ತೆಲುಗಿನ ದಾರಿಯಲ್ಲಿ ಸುತ್ತಿ ಬರುತ್ತಿತ್ತು. ಮಗಳ ಮನೆಗೆ ಬಂದವರು ಸುಮ್ಮನೆ ಕೂರಲಾರದೆ ಅಳಿಯನ ಸಹಾಯಕ್ಕೆ ನಿಂತಿದ್ದರು. ಮೇಷ್ಟ್ರು ಬಾನೆಟ್ಟಿನಡಿಯಿಂದ ಕೈ ಎತ್ತಿದಾಗ ಕೀಲಿ ತಿರುಗಿಸುವುದು, ಅಷ್ಟೇ ಕೆಲಸ. ಅದಕ್ಕಾಗಿ ಶಲ್ಯ ಹೊದ್ದು ಮದುವಣಿಗನ ಗತ್ತಿನಲ್ಲಿ ಕೂತಿದ್ದರು.

ಮಜ್ಜಿಗೆ ತಂದ ಅನಸೂಯಮ್ಮ ಬಾಗಿಲಲ್ಲೇ ನಿಂತಳು. ಮೇಷ್ಟ್ರು ಐದನೆಯ ಸಲ ಕೈ ಎತ್ತಿದರು. ಮಾವ ಕೀಲಿ ತಿರುಗಿಸಿದರು. ಎಂಜಿನ್ನು ಕೆಮ್ಮಿ, ಕ್ಯಾಕರಿಸಿ, ಕೊಟ್ಟಿಗೆಯ ಹೆಂಚು ನಡುಗುವಂತೆ ಗುಡುಗಿತು. ಬಗ್ಗಿದ್ದ ಮೇಷ್ಟ್ರು ತಲೆಯನ್ನೂ ಎತ್ತದೆ, ಸಂತೋಷ ತಡೆಯಲಾರದೆ ಕೂಗಿದರು.

“ಚಾಲು! ಚಾಲು!”

ಮಾವ ತಕ್ಷಣ ಕೀಲಿಯನ್ನು ಹಿಂದಕ್ಕೆ ತಿರುಗಿಸಿದರು. ಎಂಜಿನ್ನು ನಿಂತಿತು.

ಅನಸೂಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತವರಿನ ತೆಲುಗೂ ಗಂಡನ ಮನೆಯ ಕನ್ನಡವೂ ಅವಳ ಬಾಯಲ್ಲಿ ಒಂದೇ ಆಗಿದ್ದವು. ಗಂಡನ ಚಾಲು ಎಂದರೆ ಶುರುವಾಯಿತು ಎಂದು. ಅಪ್ಪನ ಚಾಲು ಎಂದರೆ ಸಾಕು ಎಂದು. ಅನ್ನ ಬಡಿಸುವವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಅವರು ಅರವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು. ಮೇಷ್ಟ್ರಿಗೂ ಅದು ಗೊತ್ತಿತ್ತು, ಆದರೆ ಊಟದ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಐದು ಸಲವೂ ಚಾಲು ಎಂದು ಕೂಗಿದ್ದ ಅವರು ರೋಗವಿಲ್ಲದ ಎಂಜಿನ್ನಿನಲ್ಲಿ ರೋಗ ಹುಡುಕುತ್ತ, ಬೆಳಗಿನಿಂದ ಎರಡು ಸಲ ಎರಡೂ ಕಾರ್ಬೊರೇಟರುಗಳನ್ನು ಬಿಚ್ಚಿ ಜೋಡಿಸಿದ್ದರು.

ಇನ್ನೊಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಕೊಟ್ಟಿಗೆ ಅವಳದ್ದೇ. ಆದರೆ ಮೇಷ್ಟ್ರು ಸ್ಪ್ಯಾನರ್ ಕೆಳಗಿಟ್ಟು, ಹೆಗಲ ಟವೆಲ್ಲಿನಿಂದ ಕಾರಿನ ದೀಪಗಳನ್ನು ಒರೆಸತೊಡಗಿದರು. “ಹೋಗ್ಲಿ ಬಿಡೇ, ಲಾರಿಗೆ ಹತ್ತಿಸ್ಬಿಡೋಣ. ಇದಕ್ಕೆ ನನ್ನ ಕೈಗುಣ ಆಗಿ ಬರ್ಲಿಲ್ಲ” ಎಂದರು. ಏಳು ವರ್ಷ ಬೈದುಕೊಂಡೇ ಬಂದ ಕಾರಿಗಾಗಿ ತನಗೆ ಅಳು ಬರಬಹುದೆಂದು ಅನಸೂಯಮ್ಮ ಎಂದೂ ಎಣಿಸಿರಲಿಲ್ಲ. ಹಾಗೆಂದು ಕೊಟ್ಟಿಗೆ ಬಿಟ್ಟುಕೊಡುವಷ್ಟು ಅಳುವೂ ಬಂದಿರಲಿಲ್ಲ.

“ರೀ, ರೋಗ ಏನು ಅಂತ ನಾನು ಹೇಳ್ತೀನಿ. ಕಾರು ಓಡಿದ್ರೆ ಅದರ ಜಾಗ ಹುಣಸೆಮರದ ಕೆಳಗೆ. ಕೊಟ್ಟಿಗೆ ನನ್ನ ಹುಳಕ್ಕೆ. ಒಪ್ಕೋತೀರಾ?”

ಮೇಷ್ಟ್ರಿಗೆ ಅಷ್ಟು ದುಃಖದಲ್ಲೂ ನಗು ಬಂತು. ಎರಡು ಕಾರ್ಬೊರೇಟರಿನ ಎಂಜಿನ್ನಿನ ರೋಗ, ಹಿಪ್ಪುನೇರಳೆ ಸೊಪ್ಪು ಹೆಚ್ಚುವವಳಿಗೆ ತಿಳಿಯುವುದುಂಟೆ? “ಹೇಳು ಕಣೇ. ಕೊಟ್ಟಿಗೆ ಜೊತೆ ಅದರ ಬೀಗಾನೂ ನಿಂದೇ.”

ಅವಳು ತಂದೆಯ ಕಡೆ ತಿರುಗಿದಳು. “ನಾಯನಾ, ಯಾಕೆ ಆಫ್ ಮಾಡ್ದೆ?”

“ಅಲ್ಲುಡುಗಾರೇ ಚಾಲು ಅಂದ್ರಲ್ಲಮ್ಮಾ” ಎಂದರು ನರಸಿಂಹಪ್ಪ. ಅಳಿಯ ಸಾಕು ಎಂದ ಮೇಲೂ ಪೆಟ್ರೋಲ್ ಉರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದೂ ಸೇರಿಸಿದರು.

ಮೇಷ್ಟ್ರು ಮಾವನ ಮುಖ ನೋಡಿದರು, ಕಾರಿನ ಮುಖ ನೋಡಿದರು. ಆಮೇಲೆ ಬಾನೆಟ್ಟು ಮುಚ್ಚಿ, ಮಾವನನ್ನು ಪಕ್ಕದ ಸೀಟಿಗೆ ಸರಿಸಿ, ತಾವೇ ಕೂತು ಕೀಲಿ ತಿರುಗಿಸಿದರು.

ಬೋಳು ಕಾರು ಹೊರಬಿದ್ದ ರಭಸಕ್ಕೆ ಅಂಗಳದ ಕೋಳಿಗಳು ಹುಣಸೆಮರ ಹತ್ತಿದವು. ಹೊತ್ತಿಗೆ ಮೊದಲೇ ಬಂದು ತಿರುವಿನಲ್ಲಿ ಎದುರಾದ ಗುಜರಿಯ ಲಾರಿ ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಧೂಳು ಕೂರುವ ಮೊದಲೇ ಅನಸೂಯಮ್ಮ ಪೆಟ್ರೋಲಿನ ವಾಸನೆ ಹೊಡೆದೋಡಿಸಲು ಸುಣ್ಣದ ಬಕೆಟ್ಟು ಹಿಡಿದು ಕೊಟ್ಟಿಗೆಗೆ ನುಗ್ಗಿದಳು. ಕೆರೆಕಟ್ಟೆಯ ಮೇಲಿಂದ ಅಪ್ಪನ ಕೂಗು ಕೇಳಿಸಿತು.

“ಚಾಲು, ಅಲ್ಲುಡುಗಾರೂ! ಚಾಲು, ಚಾಲು!”

ಎಂಜಿನ್ನಿನ ಸದ್ದು ಇನ್ನಷ್ಟು ಏರಿತು. ಮೇಷ್ಟ್ರು ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡಿದ್ದರು.