ಉಪ್ಪು ಬಿದ್ದ ಚಹಾ

ಮೂರನೆಯ ಬಟ್ಟಲನ್ನು ಅಂಬವ್ವ ಮುಗಿಸಲಿಲ್ಲ. ಒಂದು ಗುಟುಕು ಕುಡಿದು, ಚಹಾ ತುಳುಕುವಂತೆ ನೆಲಕ್ಕೆ ಕುಕ್ಕಿದಳು.

“ಹ್ಯಾಂಗ ಆಗ್ಯಾದ ಹೇಳಂದ್ರ ಕುಕ್ಕತೀಯಲ್ಲ?” ಎಂದ ಬೀರಣ್ಣ.

“ಬಿಸಿ ಆಗ್ಯಾದ. ಮೊದಲಿಂದೂ ಬಿಸಿ ಇತ್ತು, ಎರಡನೇದೂ ಬಿಸಿ ಇತ್ತು. ಇನ್ನೇನು ಹೇಳ್ಲಿ ಮಾವ? ಅಲ್ಲಿ ಕುರಿಮರಿ ಒದರಾಕತ್ತಾವ, ಇಲ್ಲಿ ನಾದಿದ ಹಿಟ್ಟು ಒಣಗಾಕತ್ತದ.”

ಸೋದರಮಾವನನ್ನೇ ಮದುವೆಯಾದ ಅಂಬವ್ವ ಗಂಡನನ್ನು ಈಗಲೂ ಮಾವ ಎಂದೇ ಕರೆಯುತ್ತಿದ್ದಳು. ಹೈದರಾಬಾದಿನ ಹೋಟೆಲೊಂದರಲ್ಲಿ ಚಹಾ ಕಾಸುತ್ತಿದ್ದ ಬೀರಣ್ಣ, ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ದೇವಾಪುರಕ್ಕೆ ಮರಳಿದ್ದ. ಮತ್ತೆ ಕುರಿ ಕಾಯಲು ಮನಸ್ಸಾಗದೆ, ಸುರಪುರದಲ್ಲಿ ಬಸ್ಸು ನಿಲ್ಲುವ ಕಡೆ ತಟ್ಟಿ ಕಟ್ಟಿ ಅಂಗಡಿ ಹಾಕಲು ಹೊರಟಿದ್ದ. ಅದಕ್ಕೆಂದು ಅಂಬವ್ವ ಸಾಕಿದ ಟಗರು ಸಂತೆಗೆ ಹೋಯಿತು. ಟಗರು ಹೋದ ಮನೆಗೆ ಮೂರು ಪೊಟ್ಟಣ ಚಹಾಪತ್ತಿ ಬಂತು. ಒಂದರಲ್ಲಿ ಕರ್ರಗೆ ಸುರುಳಿ ಸುತ್ತಿದ ಎಲೆ, ಇನ್ನೊಂದರಲ್ಲಿ ನಶ್ಯದಂಥ ಪುಡಿ, ಮತ್ತೊಂದರಲ್ಲಿ ಹಸಿರು ಇನ್ನೂ ಮಾಸದ ಒಣಸೊಪ್ಪು.

ಯಾದಗಿರಿ ಬಸ್ಸಿನ ಡ್ರೈವರ್ ಮಸ್ತಾನಸಾಬ ಮರುದಿನ ಮುಂಜಾನೆ ಬಂದು ಕುಡಿಯುವುದಾಗಿ ಹೇಳಿದ್ದ. ಚಹಾ ಹಿಡಿಸಿದರೆ ಗಾಡಿ ದಿನಾ ಬೀರಣ್ಣನ ಅಂಗಡಿ ಮುಂದೆ ನಿಲ್ಲುತ್ತದೆ. ಹಿಡಿಸದಿದ್ದರೆ ಈಶಪ್ಪನ ಹೋಟೆಲು ಇದ್ದೇ ಇದೆ.

“ಒಗರು ಅದನೋ, ಕಹಿ ಅದನೋ ಅಷ್ಟರೆ ಹೇಳು. ಒಗರು ಬ್ಯಾರೆ, ಕಹಿ ಬ್ಯಾರೆ.”

“ಚಹಾ ಕಾಸಾವ ನೀನೋ ನಾನೋ? ನೀನ ಕುಡದು ನೋಡಬಾರದಾ?”

“ಕಾಸಾವಗ ತನ್ನ ಚಹಾ ತಿಳಿಯಂಗಿಲ್ಲ. ಮಂದಿ ನಾಲಿಗಿ ಬೇಕು” ಎಂದು ಬೀರಣ್ಣ ಕಟ್ಟಿಗೆ ತರಲು ಹೊರಗೆ ಹೋದ.

ಅಂಬವ್ವಳಿಗೆ ಸಾಕುಸಾಕಾಗಿ ಹೋಗಿತ್ತು. ಉಳಿದ ಚಹಾವನ್ನು ಬಟ್ಟಲಿಗೆ ಬಗ್ಗಿಸಿ, ಹರಳುಪ್ಪು ಹಾಕಿ ಕದಡಿ ಇಟ್ಟಳು. ಅವನು ಬಂದ ಕೂಡಲೇ, “ನೀ ಇದನ್ನ ಕುಡಿಯೋತನಕ ನಾ ಇನ್ನ ಬಾಯಿಗೆ ಹನಿ ಹಾಕಂಗಿಲ್ಲ” ಎಂದಳು.

ಬೀರಣ್ಣ ಕುಡಿದ. ಕಣ್ಣು ಮುಚ್ಚಿಕೊಂಡು, ತಳ ಕಾಣುವವರೆಗೂ ಕುಡಿದ. “ವಾಹ್! ಇದು ಖರೇ ಚಹಾ. ಸಕ್ಕರಿ ಸರಿ ಬಿದ್ದಾದ.”

ಸೆರಗು ಬಾಯಿಗೆ ಒತ್ತಿ ನಗಲು ಸಜ್ಜಾಗಿದ್ದ ಅಂಬವ್ವಳಿಗೆ ನಗು ಬರಲಿಲ್ಲ. ಬಟ್ಟಲ ತಳದಲ್ಲಿ ಉಳಿದದ್ದನ್ನು ಬೆರಳಿಗೆ ಹಚ್ಚಿ ನೆಕ್ಕಿದಳು. ಬಾಯಿ ಕಿವುಚಿತು.

“ಮಾವ, ಅದ್ರಾಗ ಸಕ್ಕರಿ ಅಲ್ಲ, ಉಪ್ಪು ಹಾಕೀನಿ.”

ಅವನು ಖಾಲಿ ಬಟ್ಟಲನ್ನು ನೆಲಕ್ಕೆ ಬೋರಲು ಹಾಕಿದ. “ರಜಾಕಾರರ ಗಲಾಟಿ ವರ್ಷ ಜ್ವರ ಬಂದಿತ್ತು. ಜ್ವರ ಹೋತು, ರುಚಿ ತಿರುಗಿ ಬರಲಿಲ್ಲ. ವಾಸನೀನೂ ಹೋತು. ಹೋಟೆಲ್ ಮಾಲಕಗ ಗೊತ್ತಾತು, ಊರಿಗೆ ಹೋಗಂದ. ನನಗ ಬ್ಯಾರೆ ಕೆಲಸ ಏನ ಬರ್ತದ ಅಂಬವ್ವ?”

“ನಾಲಿಗಿ ಸತ್ತಾವ ಚಹಾದಂಗಡಿ ಇಡ್ತಾನಂತ! ಕುರುಡ ಮೋಟಾರ ಹೊಡದಂಗಾತು! ನನ್ನ ಟಗರು ತಂದು ಕೊಡು ಮೊದಲ!” ಅಂಬವ್ವ ಬೈದಳು. ಬೈದು ಬೈದು ಗಂಟಲು ಒಣಗಿತು. ಒಣಗಿದ ಗಂಟಲಿಗೆ ಕೈಗೆ ಸಿಕ್ಕಿದ್ದು ಆರಿ ಹೋದ ಮೊದಲಿನ ಬಟ್ಟಲು. ಒಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, ಇನ್ನೊಂದು ಗುಟುಕು ಕುಡಿದಳು.

“ಈ ಎಲೀದು ಬೇವಿನ ಕಡ್ಡಿ ಜಗದಂಗ ಮೊದಲ ಕಹಿ, ಆಮ್ಯಾಲ ಹಲ್ಲು ಹಿಡೀತದ” ಎಂದಳು, ಇನ್ನೂ ಸಿಟ್ಟಿನಲ್ಲೇ. “ಪುಡೀದಕ್ಕ ಬಣ್ಣ ಚಲೋ ಅದ, ಆದ್ರ ಹೊತ್ತಿದ ರೊಟ್ಟಿ ವಾಸನಿ. ಈ ಹಸರಂದು ಚಹಾನೇ ಅಲ್ಲ, ಮಳ್ಯಾಗ ತೊಯ್ದ ಜ್ವಾಳದ ಕಣಿಕಿ ಹಿಂಡಿದ ನೀರು. ಬಾಯಿ ತಕ್ಕೊಂಡು ಏನ ನೋಡತಿ? ಎಲಿ, ಪುಡಿ ಎರಡೂ ಕೂಡಿಸು. ಪುಡಿ ಕಡಿಮಿ. ಅಷ್ಟೊತ್ತು ಕುದಿಸಬ್ಯಾಡ, ಅದಕ್ಕ ಹೊತ್ತಾಕತ್ತದ.”

ಮುಂಜಾನೆ ಅಂಬವ್ವಳೂ ಅಂಗಡಿಗೆ ಹೋದಳು. ತಲೆ ತುಂಬ ಸೆರಗು ಹೊದ್ದು ತಟ್ಟಿಯ ಹಿಂದೆ ಕುಳಿತಳು. ಬೀರಣ್ಣ ಚಮಚದಲ್ಲಿ ಒಂದಿಷ್ಟು ತಂದು ಕೊಟ್ಟಾಗೆಲ್ಲ ಒಳಗಿಂದ ಪಿಸುದನಿಯ ಬೈಗುಳ ಬರುತ್ತಿತ್ತು. “ಹಾಲು ಹಸಿ ಅದ.” “ಸಕ್ಕರಿ ಸಾಲದು.” “ಈಗ ಇಳಿಸು. ಇಳಿಸಂದೆನಿಲ್ಲೋ!”

ಮಸ್ತಾನಸಾಬ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿದ. ಖಾಲಿ ಕಪ್ಪನ್ನು ಮತ್ತೆ ಮುಂದೆ ಚಾಚಿದ. ಎರಡನೆಯದನ್ನೂ ಮುಗಿಸಿ ಮೀಸೆ ಒರೆಸಿಕೊಂಡು, “ನಾಳಿಂದ ಗಾಡಿ ಇಲ್ಲೇ ನಿಲ್ತದ, ಬೀರಣ್ಣ” ಎಂದು ಎದ್ದು ಹೋದ.

ಬಸ್ಸು ಎಬ್ಬಿಸಿದ ಧೂಳು ಅಡಗಿತು. ತಟ್ಟಿಯ ಹಿಂದಿನಿಂದ ಬಂದ ಅಂಬವ್ವ ಕಪ್ಪು-ಬಸಿ ತೊಳೆಯಲು ಕುಳಿತಳು. ತೊಳೆಯುತ್ತಿದ್ದವಳ ಕೈ ನಡುವೆ ನಿಂತಿತು.

“ಮಾವ, ನೀ ಊರಿಗೆ ಬಂದಾಗಿಂದ ದಿನಾ ನನ್ನ ಪುಂಡಿಪಲ್ಯ ಉಂಡು, ‘ಇಂಥಾ ರುಚಿ ಯಾರ ಕೈಯಾಗೂ ಇಲ್ಲ’ ಅಂತಿದ್ದೆಲ್ಲ...”

ಧಗಧಗನೆ ಉರಿಯುತ್ತಿದ್ದ ಒಲೆಗೆ ಬೀರಣ್ಣ ಊದುಕೊಳವೆ ಹಿಡಿದು, ತಲೆ ಎತ್ತದೆ ಜೋರಾಗಿ ಊದತೊಡಗಿದ.