ಅತ್ತೆಮನೆ ಊರಿನ ಮ್ಯಾಚು

ಪಿರಿಯಾಪಟ್ಟಣದಲ್ಲಿ ಬಸ್ಸಿಳಿದ ಹುಣಸೂರಿನ ಹನ್ನೊಂದು ಆಟಗಾರರಲ್ಲಿ ಹತ್ತು ಮಂದಿ ಮೈದಾನದ ದಾರಿ ಹಿಡಿದರು. ಹನ್ನೊಂದನೆಯವನಾದ ರುದ್ರಸ್ವಾಮಿಗಾಗಿ ಅವನ ಮಾವ ಪುಟ್ಟಮಲ್ಲಪ್ಪನವರು ಛತ್ರಿ ಹಿಡಿದು ಬಸ್ಸಿನ ಬಾಗಿಲಲ್ಲೇ ಕಾದಿದ್ದರು. ಹೆಂಡತಿ ನೀಲಾಂಬಿಕೆ ಬಾಣಂತನಕ್ಕೆಂದು ತವರಿನಲ್ಲಿದ್ದಳು. ಊರಿಗೆ ಬಂದ ಅಳಿಯ ಕೂಸಿನ ಮುಖ ನೋಡದೆ ಚೆಂಡು ಒದೆಯಲು ಹೋಗುವುದುಂಟೇ?

"ಲೋ ರುದ್ರ, ಹೋದ್ ವರ್ಸದ್ದು ಗ್ಯಾಪ್ಕ ಐತೆ ತಾನೆ?" ಎಂದ, ಹೊರಡುವ ಮುನ್ನ, ತಂಡದ ಕ್ಯಾಪ್ಟನ್ ದರ್ಜಿ ಲತೀಫ್. "ಮಗು ಮಖ ನೋಡು, ನೀರು ಕುಡಿ, ಎದ್ದು ಬಾ. ಊಟ ಗೀಟ ಅಂತ ಕುಂತ್ಯೋ, ಈ ಜರ್ಸಿ ಹೊಲ್ದ ಕೈಲೇ ಬಿಚ್ಚುಸ್ತೀನಿ ಕಣ್ಲಾ."

ರುದ್ರಸ್ವಾಮಿಗೆ ನೆನಪಿಲ್ಲದೆ ಏನು! ಮೈಸೂರಿನ ಕಾಲೇಜಿನಲ್ಲಿ ಅವನು ಎರಡು ವರ್ಷ ಸೆಂಟರ್ ಫಾರ್ವರ್ಡ್ ಆಗಿ ಮೆರೆದವನು. ಊರಿಗೆ ಬಂದ ಮೇಲೂ ನೆಲ ನೋಡಿ ನಡೆದವನಲ್ಲ. ಕಳೆದ ವರ್ಷ, ಅಂದರೆ ಐವತ್ಮೂರರಲ್ಲಿ, ಇದೇ ಪಿರಿಯಾಪಟ್ಟಣದ ಮ್ಯಾಚಿಗೆ ಮುಂಚೆ ಅತ್ತೆ ಪುಟ್ಟಮಲ್ಲಮ್ಮ ಎಂಟು ಒಬ್ಬಟ್ಟು ಬಡಿಸಿದ್ದರು. ಹೊಸ ಅಳಿಯ, ಬೇಡ ಎನ್ನಲು ಬಾಯಿ ಬರಲಿಲ್ಲ. ಮೈದಾನದಲ್ಲಿ ಕಾಲೇಜಿನ ಹುಲಿ ಕದಲಲಿಲ್ಲ. ಹುಣಸೂರು ನಾಲ್ಕು ಗೋಲಿನಿಂದ ಸೋತಿತು. ಅವತ್ತೇ ತಂಡದಿಂದ ಹೊರಗೆ. ಆಮೇಲೆ ವರ್ಷವಿಡೀ ಅವನು ತಾನಾಗಿಯೇ ಬಂದು ಚೆಂಡಿಗೆ ಗಾಳಿ ತುಂಬಿದ, ಮೈದಾನಕ್ಕೆ ಸುಣ್ಣದ ಗೆರೆ ಎಳೆದ, ತನ್ನನ್ನು ಬೈದವರಿಗೇ ನೀರು ಹೊತ್ತು ತಂದ. ಹೋದ ವಾರವಷ್ಟೇ ಲತೀಫ್ ಮನಸ್ಸು ಕರಗಿ ಅವನಿಗೆ ಒಂದು ಜರ್ಸಿ ಹೊಲಿದುಕೊಟ್ಟಿದ್ದ. ಇವತ್ತು ತಪ್ಪಿದರೆ ಜನ್ಮದಲ್ಲಿ ಇನ್ನೊಂದಿಲ್ಲ.

ಮನೆಯಲ್ಲಿ ಆಗಲೇ ಎಲೆ ಹಾಕಿತ್ತು. ರುದ್ರಸ್ವಾಮಿ ಕೈಮುಗಿದು, "ಇವತ್ತು ಬ್ಯಾಡಿ ಅತ್ತೆ, ಆಟ ಮುಗಿಸ್ಕೊಂಡು ಬತ್ತೀನಿ" ಎಂದ.

"ಅಂಗಂದ್ರೆ ಎಂಗೆ ಅಳಿಯಂದ್ರೇ? ಹಾಕಿದ್ ಎಲೆ ಬುಟ್ಟು ಹೋದ್ರು ಅಂತ ನಾಳೆ ಕೇರಿಯೆಲ್ಲ ಆಡ್ಕತದೆ" ಎಂದು ಪುಟ್ಟಮಲ್ಲಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡರು. ಅದು ಪ್ರೀತಿಯೋ ಊರಭಿಮಾನವೋ ಶಿವನೇ ಬಲ್ಲ.

ಕೂಸನ್ನು ನೋಡುವ ನೆವದಲ್ಲಿ ಅವನು ಬಾಣಂತಿ ಕೋಣೆಗೆ ನುಗ್ಗಿದ. ನೀಲಾಂಬಿಕೆ ಗಂಡನ ಪೆಚ್ಚುಮೋರೆ ನೋಡಿದಳು. ಮಗುವಿನ ಕುಲಾವಿ ಸರಿಮಾಡುತ್ತ, ಮಗುವಿಗೇ ಹೇಳುವಂತೆ, "ನಿಮ್ ಮಾವ ಗುರುಸ್ವಾಮಿ ಬೆಳಗಿಂದ ಗಂಜೀಲೇ ಅವ್ನೆ ಕಣವ್ವ. ಹೋದ್ ವರ್ಸಾನೂ ಅಂಗೇ ಇದ್ದ" ಎಂದಳು.

ಗುರುಸ್ವಾಮಿ ಅವಳ ತಮ್ಮ, ಪಿರಿಯಾಪಟ್ಟಣ ತಂಡದ ಗೋಲಿ, ಅಂದರೆ ಗೋಲ್‌ಕೀಪರ್. ಆಟದ ದಿನ ಅಳಿಯನಿಗೆ ಒಬ್ಬಟ್ಟು, ಮಗನಿಗೆ ಗಂಜಿ!

ರುದ್ರಸ್ವಾಮಿ ನೆಟ್ಟಗೆ ಬಂದು ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿದ. "ಬಡ್ಸಿ ಅತ್ತೆ. ಆದ್ರೆ ಬಾಮೈದ ಪಕ್ದಲ್ಲಿ ಕೂತು ಸಮಸಮ ಉಣ್ಣದೆ ಅಳಿಯ ಎಲೆ ಮುಟ್ಟೋ ಪದ್ಧತಿ ನಮ್ ಕಡೆ ಇಲ್ಲ."

"ನಂಗೆ ಹೊಟ್ಟೆ ಸರಿಯಿಲ್ಲ ಭಾವ" ಎಂದು ಗುರುಸ್ವಾಮಿ ಬಾಗಿಲ ಮರೆಯಿಂದಲೇ ಗೊಣಗಿದ.

"ಅಂಗಾದ್ರೆ ನಂಗೂ ಬ್ಯಾಡ" ಎಂದು ರುದ್ರಸ್ವಾಮಿ ಎಲೆ ಮಡಿಸಲು ಹೋದ. ಉಣ್ಣುವ ಮೊದಲೇ ಎಲೆ ಮಡಿಸುವ ಅಳಿಯನನ್ನು ಯಾವ ಮಾವ ತಾನೇ ಸಹಿಸಿಯಾರು? ಪುಟ್ಟಮಲ್ಲಪ್ಪನವರು ಮಗನ ರಟ್ಟೆ ಹಿಡಿದು ಕೂರಿಸಿದರು. ಆಮೇಲೆ ನಡೆದದ್ದು ಊಟವಲ್ಲ, ಜಿದ್ದು. ಅಳಿಯನ ಎಲೆಗೆ ಒಂದು ಒಬ್ಬಟ್ಟು ಬಿದ್ದರೆ ಮಗನ ಎಲೆಗೂ ಒಂದು, ಮೇಲೆ ಮಿಳ್ಳೆಯಲ್ಲಿ ತುಪ್ಪ. ಮಗ ಬೆವರುತ್ತಿದ್ದ. ಕೊನೆಗೆ ತಾಯಿ ಕರುಳು, ಮಗನಿಗೆ ಒಂದು ಹೆಚ್ಚಾಗಿಯೇ ಬಿತ್ತು.

ಮೈದಾನದ ಅಂಚಿನಲ್ಲಿ ರುದ್ರಸ್ವಾಮಿಯ ನಡಿಗೆ ನೋಡಿಯೇ ಲತೀಫನ ಮುಖ ಕಪ್ಪಿಟ್ಟಿತು.

"ಉಂಡ್ಯಾ?"

"ಉಂಡೆ."

"ಎಷ್ಟು?"

"ಎಂಟು."

ಲತೀಫ್ ಅವನ ಜರ್ಸಿಗೆ ಕೈಹಾಕಿದ. ರುದ್ರಸ್ವಾಮಿ ಸುಳ್ಳು ಹೇಳಬಹುದಿತ್ತು; ಆದರೆ ವರ್ಷವಿಡೀ ನೀರು ಹೊತ್ತವನಿಗೆ ಸುಳ್ಳು ಹೇಳುವಷ್ಟು ಜಂಬ ಉಳಿದಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡೇ, "ಅವ್ರ ಗೋಲಿ ಒಂಬತ್ತು" ಎಂದ.

ಲತೀಫನ ಕೈ ಅಲ್ಲೇ ನಿಂತಿತು.

ಆ ಆಟವನ್ನು ಆಟ ಎನ್ನುವುದು ಕಷ್ಟ. ರುದ್ರಸ್ವಾಮಿ ನಡುಮೈದಾನದಲ್ಲಿ ನೆಟ್ಟ ಕಂಬದಂತೆ ನಿಂತಿದ್ದ. ಉಳಿದ ಹತ್ತು ಮಂದಿ ಅವನ ಪಾಲನ್ನೂ ಓಡಿದರು. ಗುರುಸ್ವಾಮಿ ಗೋಲಿನ ಕಂಬಕ್ಕೆ ಒರಗಿ ತೇಗುತ್ತಿದ್ದ. ಎರಡೂ ಕಡೆ ಗೋಲಿಲ್ಲದೆ ಇನ್ನೇನು ಮುಗಿಯಿತು ಎನ್ನುವಾಗ ಪಿರಿಯಾಪಟ್ಟಣದವನೊಬ್ಬ ತಮ್ಮ ಗೋಲಿನ ಮುಂದೆಯೇ ಚೆಂಡಿಗೆ ಕೈ ತಗುಲಿಸಿದ, ಹುಣಸೂರಿಗೆ ಪೆನಾಲ್ಟಿ. ಲತೀಫ್ ರುದ್ರಸ್ವಾಮಿಯನ್ನು ಕರೆತಂದು, "ಇದ್ಕೆ ಓಡ್ಬೇಕಾಗಿಲ್ಲ ಕಣ್ಲಾ" ಎಂದು ಚೆಂಡನ್ನು ಅವನ ಮುಂದಿಟ್ಟ.

ಕಾಲೇಜಿನ ದಿನಗಳಾಗಿದ್ದರೆ ಗುಂಡು ಹೊಡೆದಂತೆ ಒದೆಯುತ್ತಿದ್ದ. ಇವತ್ತು ಕಾಲೆತ್ತಿದ್ದೇ ಹೆಚ್ಚು. ಚೆಂಡು ಆಕಳಿಸಿಕೊಂಡು ಗೋಲಿನ ಕಡೆ ಉರುಳಿತು, ನೇರವಾಗಿ ಗುರುಸ್ವಾಮಿಯ ಕಾಲಬುಡಕ್ಕೇ. ಗುರುಸ್ವಾಮಿ ಅದು ಬರುವುದನ್ನು ನೋಡಿದ. ಇಡೀ ಮೈದಾನವೂ ನೋಡಿತು.

"ಬಗ್ಗೋ ಮಗ" ಎಂದರು ಮೈದಾನದ ಅಂಚಿನ ಕುರ್ಚಿಯಲ್ಲಿದ್ದ ಪುಟ್ಟಮಲ್ಲಪ್ಪನವರು.

"ಆಗಾಕಿಲ್ಲ ಕಣಪ್ಪ" ಎಂದ ಗುರುಸ್ವಾಮಿ. ಚೆಂಡು ಅವನ ಎರಡು ಕಾಲುಗಳ ನಡುವೆ ನುಸುಳಿ ಗೆರೆ ದಾಟಿತು.

ಸಂಜೆಯ ಬಸ್ಸಿನಲ್ಲಿ ಹುಣಸೂರಿನವರು ಕುಣಿದು ಕುಪ್ಪಳಿಸುತ್ತಿದ್ದರು. ಲತೀಫ್ ಕಂಬಿ ಹಿಡಿದುಕೊಂಡು ರುದ್ರಸ್ವಾಮಿಯ ಸೀಟಿನ ಬಳಿಗೆ ಬಂದ.

"ಮುಂದಿನ ತಿಂಗ್ಳು ಕೆ.ಆರ್. ನಗರದ ಮ್ಯಾಚು. ಕ್ಯಾಪ್ಟನ್ ನೀನೇ ಆಗ್ಬುಡು."

ರುದ್ರಸ್ವಾಮಿಯ ಕಣ್ಣು ತುಂಬಿ ಬಂತು. "ನೀನಿರುವಾಗ ನಾನ್ಯಾಕ್ಲಾ?"

ಲತೀಫ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ನಂಗೆ ಆ ಊರಲ್ಲೇ ಹೆಣ್ಣು ಗೊತ್ತಾಗೈತೆ. ಬಿರಿಯಾನಿ ಮಾಡುಸ್ತೀವಿ, ಉಂಡ್ಕೊಂಡೇ ಆಟಕ್ಕೋಗ್ಬೇಕು ಅಂತ ಆಗ್ಲೇ ಹೇಳ್ಕಳ್ಸವ್ರೆ."

ರುದ್ರಸ್ವಾಮಿ ನಗಲಿಲ್ಲ. ಕಿಟಕಿಯ ಕಡೆಗೆ ಸರಿದು, ಕ್ಯಾಪ್ಟನ್ನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.