ಸೂರಿಗೆ ಸಿಕ್ಕಿಸಿದ ಗ್ಲಾಸು

ಗೋಕಾಕದ ಹೊಸ ಬಡಾವಣೆಯ ಮಿರುಗುವ ಹೋಟೆಲುಗಳನ್ನು ಕಂಡರೆ ನನಗೆ ಅಸಹ್ಯ, ಆದರೂ ಶುಂಠಿ ಚಹಾದ ವಾಸನೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ನಾನು ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ ಅಕ್ಕನೂ ನಾನೂ ಮೂಡಲಗಿ ಸಂತೆಗೆ ಹೊರಟಿದ್ದೆವು. ದಾರಿಯ ಹೋಟೆಲಿನಲ್ಲಿ ನಮ್ಮ ಜಾತಿಯವರ ಗ್ಲಾಸನ್ನು ಹೊರಗೆ ಸೂರಿಗೆ ಸಿಕ್ಕಿಸಿದ್ದರು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಅಕ್ಕ ಅದನ್ನೆತ್ತಿಕೊಂಡಳು. ನಾನು ಸೀದಾ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ.

"ಹೊರಗ ನಿಂತಾಕಿ ನಿಮ್ಮಾಕಿ ಏನ್ಲೇ?" ಮಾಲೀಕ ಕೇಳಿದ.

"ಅಲ್ರಿ ಕಾಕಾ, ಯಾರೋ ಏನೋ," ಎಂದು ನಾಚಿಕೆಗೇಡಿ ನಾನು ಹಲ್ಲು ಕಿರಿದೆ.

"ಹಂಗಾದ್ರ ಕೂಡು. ಅಂಥವ್ರು ಕುಂತ್ರ ಬಾಕ ತೊಳೀಬೇಕಾಕ್ಕೈತಿ."

ಇಬ್ಬರಿಗೂ ಒಂದೇ ಕಿಟ್ಲಿಯಿಂದ ಚಹಾ ಸುರಿದ. ಅಕ್ಕ ಗ್ಲಾಸು ತೊಳೆದಿಟ್ಟು, ದೂರದ ಬೇವಿನ ಗಿಡದ ಕೆಳಗೆ ನನಗಾಗಿ ಕಾದಳು.

"ಒಳಗ ಚಾ ಛಲೋ ಇತ್ತೇನೋ ತಮ್ಮಾ?" ಎಂದಳು.

"ಭಾಳ ಛಲೋ ಇತ್ತಕ್ಕಾ," ಎಂದೆ.